ಬಿಕಿನಿಯ ಮಣ್ಣು: ಮೀಟರಿಗೆ ಕಾಣದ್ದು, ತೆಂಗಿಗೆ ಸಿಕ್ಕಿದ್ದು

(ಮಣ್ಣು ಮತ್ತು ನೀರಿನ ಕುರಿತ ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1977ರಲ್ಲಿ ಅಮೆರಿಕದ ಅಧಿಕಾರಿಗಳು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ವಾಸವಾಗಿದ್ದ ನೂರಕ್ಕೂ ಹೆಚ್ಚು ಜನರಿಗೆ ಒಂದು ಸೂಚನೆ ಕೊಟ್ಟರು. ದಿನಕ್ಕೆ ಒಂದು ತೆಂಗಿನಕಾಯಿಗಿಂತ ಹೆಚ್ಚು ತಿನ್ನಬೇಡಿ ಎಂಬುದೇ ಆ ಸೂಚನೆ. ಆ ತೆಂಗಿನ ಸಸಿಗಳನ್ನು ಸಾವಿರಗಟ್ಟಲೆ ತರಿಸಿ ನೆಡಿಸಿದ್ದು ಅದೇ ಸರ್ಕಾರ. ನಿಮ್ಮ ಊರು ಈಗ ಸುರಕ್ಷಿತ, ವಾಪಸ್ ಹೋಗಿ ಎಂದು ಹೇಳಿದ್ದೂ ಅದೇ ಸರ್ಕಾರ. ಸೂಚನೆ ಬಂದ ಮರುವರ್ಷ ಊರನ್ನೇ ಖಾಲಿ ಮಾಡಿಸಿದರು.

ಅಮೆರಿಕ ಆ ದ್ವೀಪದಲ್ಲಿ ಪರೀಕ್ಷಿಸಿದ ಪರಮಾಣು ಬಾಂಬಿನ ಬಗ್ಗೆ ಇಂದು ಕಡಿಮೆ, ಅದರ ವಿಕಿರಣಶೀಲ ಬೂದಿ ಬಿದ್ದ ಮಣ್ಣಿನ ಬಗ್ಗೆ ಹೆಚ್ಚು ಮಾತನಾಡುತ್ತೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಕಿನಿಯಲ್ಲಿ ನೆಲವನ್ನು ಅಳೆದರು, ಊಟವನ್ನು ಅಳೆಯಲಿಲ್ಲ. ಭೌತಶಾಸ್ತ್ರ ಗೊತ್ತಿದ್ದವರಿಗೆ ಬೇಸಾಯ ಗೊತ್ತಿರಲಿಲ್ಲ. ಆ ಜನರನ್ನು ಎರಡನೇ ಸಲ ಊರು ಬಿಡಿಸಿದ್ದು ಬಹುಮಟ್ಟಿಗೆ ಈ ಕೊರತೆಯೇ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಹವಾಯಿ ಮತ್ತು ಆಸ್ಟ್ರೇಲಿಯಾಗಳ ನಡುವೆ ಮಾರ್ಷಲ್ ದ್ವೀಪಗಳಿವೆ. ಎರಡನೇ ಮಹಾಯುದ್ಧದಲ್ಲಿ ಅವು ಜಪಾನಿನ ಕೈತಪ್ಪಿ ಅಮೆರಿಕದ ಕೈಸೇರಿದವು. 1946ರ ಫೆಬ್ರವರಿಯಲ್ಲಿ ನೌಕಾಪಡೆಯ ಕಮೋಡರ್ ಬೆನ್ ವಯಟ್ ಬಿಕಿನಿಗೆ ಬಂದು, ಮನುಕುಲದ ಒಳಿತಿಗಾಗಿ ನಿಮ್ಮ ದ್ವೀಪವನ್ನು ಸದ್ಯಕ್ಕೆ ಬಿಟ್ಟುಕೊಡುವಿರಾ ಎಂದು ಅಲ್ಲಿನ ಮುಖಂಡ ಜೂಡಾ ಅವರನ್ನು ಕೇಳಿದರು. ಯುದ್ಧ ಗೆದ್ದ ಸೇನೆ ಬಾಗಿಲಿಗೆ ಬಂದು ಕೇಳುವಾಗ ಬೇಡ ಎನ್ನಲು ಎಷ್ಟು ಅವಕಾಶವಿರುತ್ತದೆ ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. 167 ಜನ ಊರು ಬಿಟ್ಟರು. ಮೊದಲು ಹೋದ ರೊಂಗೆರಿಕ್‌ನಲ್ಲಿ ಹಸಿವಿನಿಂದ ಕಂಗಾಲಾದರು. 1948ರಲ್ಲಿ ಕಿಲಿ ಎಂಬ, ಲಗೂನು (ಹವಳದ ದಂಡೆ ಸುತ್ತುವರಿದ ಶಾಂತ ಕಡಲು) ಇಲ್ಲದ, ದೋಣಿ ಇಳಿಸುವುದೇ ಕಷ್ಟವಾದ ಒಂಟಿ ದ್ವೀಪಕ್ಕೆ ಬಂದರು. ಮೀನು ಹಿಡಿದು ಬದುಕುತ್ತಿದ್ದವರಿಗೆ ಅದು ಸೆರೆಮನೆಯೇ ಆಯಿತು. ಅತ್ತ 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಪರಮಾಣು ಪರೀಕ್ಷೆಗಳು ನಡೆದವು. 23 ಬಿಕಿನಿಯಲ್ಲಿ, ಉಳಿದವು ಹೆಚ್ಚುಕಡಿಮೆ ಎಲ್ಲವೂ ಎನಿವೆಟಾಕ್‌ನಲ್ಲಿ.

ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು 1954ರ ಮಾರ್ಚ್ 1ರ ಬ್ರಾವೋ. ಸುಮಾರು 6 ಮೆಗಾಟನ್ (ಒಂದು ಮೆಗಾಟನ್ ಅಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸಿಡಿಮದ್ದಿನ ಬಲ) ಎಂದು ಎಣಿಸಿದ್ದು 15 ಮೆಗಾಟನ್ ಆಗಿ ಸಿಡಿಯಿತು. ಬಾಂಬಿನ ಇಂಧನದಲ್ಲಿದ್ದ ಲಿಥಿಯಂ-7 ಸುಮ್ಮನಿರುತ್ತದೆ ಎಂದುಕೊಂಡಿದ್ದರು, ಅದು ಸುಮ್ಮನಿರಲಿಲ್ಲ. ಹವಳದ ತಳದಲ್ಲಿ ಸುಮಾರು 2 ಕಿಲೋಮೀಟರ್ ಅಗಲದ ಕುಳಿ ಬಿತ್ತು. ಆ ಕುಳಿಯಿಂದ ಎದ್ದ ಹವಳವೆಲ್ಲ ಬೆಂದು ಸುಣ್ಣದ ಪುಡಿಯಾಗಿ, ವಿಕಿರಣಶೀಲ ಚೂರುಗಳನ್ನು ಹೊತ್ತು ಪೂರ್ವಕ್ಕೆ ಹಾರಿತು. ಬಿಕಿನಿಯಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ರೊಂಗೆಲಾಪ್‌ನಲ್ಲಿ ಕೆಲವು ಗಂಟೆಗಳ ಬಳಿಕ ಅದು ಬಿಳಿ ಪುಡಿಯಾಗಿ ಸುರಿಯಿತು. ಚಾವಣಿಯ ಮೇಲೆ ಬಿದ್ದದ್ದು ಮಳೆನೀರಿನ ತೊಟ್ಟಿಗೆ ಇಳಿಯಿತು, ಕುಡಿಯುವ ನೀರು ಹಳದಿಯಾಯಿತು. ಮಕ್ಕಳು ಆ ಪುಡಿಯಲ್ಲಿ ಆಡಿದರು. ಜನರನ್ನು ಹಡಗು ಹತ್ತಿಸಿದ್ದು ಎರಡು ದಿನ ಕಳೆದ ಮೇಲೆ. ಆ ಮಕ್ಕಳಲ್ಲಿ ಬಹುತೇಕರಿಗೆ ಮುಂದೆ ಥೈರಾಯ್ಡ್ ಗಂಟುಗಳಾದವು. ಸಮೀಪದಲ್ಲಿದ್ದ ಜಪಾನಿನ ಮೀನುಗಾರಿಕಾ ದೋಣಿಯ 23 ಜನರೂ ಈ ಪುಡಿಗೆ ಸಿಕ್ಕಿದರು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಇಲ್ಲಿಯವರೆಗಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಪುಡಿ ನೆಲಕ್ಕೆ ಬಿದ್ದ ಮೇಲೆ ಏನಾಯಿತು ಎಂಬಲ್ಲಿಂದ ನನ್ನ ಕೆಲಸ ಶುರು.

ನಮ್ಮ ಹೊಲದ ಮಣ್ಣು ಬಂಡೆ ಕರಗಿ ಆದದ್ದು. ಅದರಲ್ಲಿ ಜೇಡಿ ಇರುತ್ತದೆ, ಜೇಡಿಯ ಖನಿಜಗಳು ಪದರ ಪದರವಾಗಿರುತ್ತವೆ. ಬಿಕಿನಿಯಂಥ ಅಟಾಲ್ ದ್ವೀಪದ, ಅಂದರೆ ಲಗೂನಿನ ಸುತ್ತ ಉಂಗುರದಂತೆ ಬೆಳೆದ ಹವಳದ ದ್ವೀಪದ, ಮಣ್ಣಿನಲ್ಲಿ ಬಂಡೆಯ ಅಂಶವೇ ಇಲ್ಲ. ಹವಳದ ಚೂರು, ಚಿಪ್ಪಿನ ಪುಡಿ, ಅಂದರೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲಿನ ಸ್ವಲ್ಪ ಭಾಗ ಮಾತ್ರ ಎಲೆ, ಗರಿ ಕೊಳೆತು ಕಪ್ಪಾಗಿರುತ್ತದೆ. ಜೇಡಿ ಇಲ್ಲ ಎನ್ನುವಷ್ಟು ಕಡಿಮೆ, ಪೊಟ್ಯಾಷಿಯಂ ಕೂಡ ಹಾಗೆಯೇ. ಈ ಎರಡು ಕೊರತೆಗಳನ್ನು ನೆನಪಿಟ್ಟುಕೊಳ್ಳಿ.

ಬಾಂಬಿನ ಬೂದಿಯಲ್ಲಿ ಬಹುಕಾಲ ಕಾಡುವ ಮೂರು ಧಾತುಗಳನ್ನು ಹೇಳುತ್ತೇನೆ: ಸೀಸಿಯಂ-137, ಸ್ಟ್ರಾನ್ಷಿಯಂ-90, ಪ್ಲುಟೋನಿಯಂ-239. ಮೊದಲ ಎರಡರ ಅರ್ಧಾಯು, ಅಂದರೆ ಇದ್ದದ್ದು ಕ್ಷಯಿಸಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ, ಮೂರನೆಯದರದು 24,000 ವರ್ಷಕ್ಕೂ ಮಿಗಿಲು. ಸಂಖ್ಯೆ ನೋಡಿದರೆ ಪ್ಲುಟೋನಿಯಂಗೇ ಹೆದರಬೇಕು ಅನ್ನಿಸುತ್ತದೆ. ಆದರೆ ಪ್ಲುಟೋನಿಯಂ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿ ಕೂರುತ್ತದೆ, ಬೇರು ಅದನ್ನು ಹೆಚ್ಚು ಎಳೆದುಕೊಳ್ಳುವುದಿಲ್ಲ. ಧೂಳಾಗಿ ಶ್ವಾಸಕೋಶಕ್ಕೆ ಹೋದರೆ ಮಾತ್ರ ಅದು ಮಹಾಮಾರಿ. ಅಡುಗೆಮನೆಗೆ ಬರುವುದು ಸೀಸಿಯಂ.

ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಷಿಯಂನ ಹತ್ತಿರದ ಬಂಧು, ಆವರ್ತಕ ಕೋಷ್ಟಕದಲ್ಲಿ ಅದೇ ಕಂಬಸಾಲಿನಲ್ಲಿದೆ. ಜೇಡಿ ಇರುವ ನೆಲಕ್ಕೆ ಬಿದ್ದರೆ ಕೆಲವು ಜೇಡಿ ಖನಿಜಗಳ ಪದರಗಳ ನಡುವೆ ನುಸುಳಿ ಅಲ್ಲೇ ಸಿಕ್ಕಿಬೀಳುತ್ತದೆ, ಬೇರಿಗೆ ಸಿಗುವುದು ಕಡಿಮೆ. ಹವಳದ ಮಣ್ಣಿನಲ್ಲಿ ಅದನ್ನು ಹಿಡಿದಿಡುವವರೇ ಇಲ್ಲ. ಬೇರೆ ಪೊಟ್ಯಾಷಿಯಂ ಇಲ್ಲದೆ ಹಸಿದ ಬೇರು ಸಿಕ್ಕಿದ ಸೀಸಿಯಂ ಅನ್ನು ಪೊಟ್ಯಾಷಿಯಂ ಎಂದೇ ಬಗೆದು ಒಳಗೆ ತೆಗೆದುಕೊಳ್ಳುತ್ತದೆ. ತಿಪಟೂರು, ಅರಸೀಕೆರೆ ಕಡೆಯಿಂದ ಬಂದ ಬೆಳೆಗಾರರು ಇಲ್ಲಿದ್ದರೆ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ತೆಂಗು ಪೊಟ್ಯಾಷಿಯಂ ಅನ್ನು ಬಾಚಿ ತಿನ್ನುವ ಮರ. ಎಳನೀರಿನ ಲವಣಗಳಲ್ಲಿ ಮುಖ್ಯವಾದದ್ದೂ ಅದೇ. ಹೀಗಾಗಿ ಬಿಕಿನಿಯಲ್ಲಿ ಸೀಸಿಯಂ ನೇರವಾಗಿ ಕಾಯಿಗೂ ಎಳನೀರಿಗೂ ಬಂದು ಕೂತಿತು. ಅಲ್ಲಿನ ಉಳಿದ ಆಹಾರವೂ ಇದೇ ಮಣ್ಣಿನದು. ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ದಿವಿಹಲಸು ಅಲ್ಲಿದೆ, ನಮ್ಮ ಕೇದಗೆಯ ಕುಲಕ್ಕೆ ಸೇರಿದ ಪಂಡಾನಸ್ ಇದೆ. ಪಂಡಾನಸ್‌ನ ಹಣ್ಣನ್ನು ಅಲ್ಲಿ ಆಸೆಪಟ್ಟು ತಿನ್ನುತ್ತಾರೆ.

ಸ್ಟ್ರಾನ್ಷಿಯಂನ ನಡತೆ ಬೇರೆ. ಅದು ಕ್ಯಾಲ್ಸಿಯಂನ ಬಂಧು. ಇಡೀ ನೆಲವೇ ಕ್ಯಾಲ್ಸಿಯಂ ಆಗಿರುವಾಗ ಬೇರಿಗೆ ಅದರ ಹಂಬಲವಿಲ್ಲ, ಆದ್ದರಿಂದ ಗಿಡದಲ್ಲಿ ಸ್ಟ್ರಾನ್ಷಿಯಂ ಕಡಿಮೆ. ಆದರೆ ತೆಂಗಿನೇಡಿ ಎಂಬ ದೊಡ್ಡ ಏಡಿಯೊಂದಿದೆ, ದ್ವೀಪದವರಿಗೆ ಹಬ್ಬದ ಊಟ. ಅದು ಚಿಪ್ಪು ಕಳಚಿದಾಗ ಆ ಹಳೆಯ ಚಿಪ್ಪನ್ನು ತಾನೇ ತಿಂದು ಹೊಸದನ್ನು ಕಟ್ಟಿಕೊಳ್ಳುತ್ತದೆ. ಒಮ್ಮೆ ಒಳಗೆ ಹೋದ ಸ್ಟ್ರಾನ್ಷಿಯಂ ಹಾಗೆ ಆ ಒಡಲಿನಲ್ಲೇ ಸುತ್ತುತ್ತಿರುತ್ತದೆ. ಇಂಥ ಸಂಗತಿ ವಿಕಿರಣ ಅಳೆಯುವ ಯಾವ ಮೀಟರಿನ ಮುಳ್ಳಿಗೂ ತಿಳಿಯುವುದಿಲ್ಲ, ಏಡಿ ಹಿಡಿಯುವವರ ಜೊತೆ ಕೂತು ಕೇಳಿದರೆ ತಿಳಿಯುತ್ತದೆ.

1968ರಲ್ಲಿ ಅಧ್ಯಕ್ಷ ಜಾನ್ಸನ್ ಬಿಕಿನಿಯ ಜನ ಊರಿಗೆ ಮರಳಬಹುದು ಎಂದು ಘೋಷಿಸಿದರು. ಅದಕ್ಕೆ ಮುಂಚೆ ತಜ್ಞರ ಸಮಿತಿ ವರದಿ ಕೊಟ್ಟಿತ್ತು. ನೆಲದಿಂದ ಮೇಲೆದ್ದು ಬರುವ ಗಾಮಾ ಕಿರಣ ಆ ಹೊತ್ತಿಗೆ ಬಹಳ ಇಳಿದಿತ್ತು. ಆದರೆ ಜನ ದಿನಕ್ಕೆ ಎಷ್ಟು ತೆಂಗು ತಿನ್ನುತ್ತಾರೆ ಎಂಬ ಅಂದಾಜು ತೀರಾ ಕಡಿಮೆಯಿತ್ತು. ಬೆಳಿಗ್ಗೆ ಎಳನೀರು, ಮಧ್ಯಾಹ್ನ ಕಾಯಿ, ಮಗುವಿಗೆ ಗಂಜಿ ಎಂದರೂ ತೆಂಗಿನದೇ ಆದ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ಅವಶೇಷ ತೆಗೆದರು, ಕಾಂಕ್ರೀಟ್ ಮನೆಗಳನ್ನು ಕಟ್ಟಿದರು, ಸಾಲಾಗಿ ತೆಂಗು ನೆಟ್ಟರು. 1972ರಲ್ಲಿ ಬಿಕಿನಿಯ ಪರಿಷತ್ತು ಒಟ್ಟಾಗಿ ಮರಳಲು ಒಪ್ಪಲಿಲ್ಲ, ಅವರಿಗೆ ಅನುಮಾನವಿತ್ತು. ಆದರೂ ಕೆಲವು ಕುಟುಂಬಗಳು ಹೋದವು.

ಮುಂದೆ ನಡೆದದ್ದು ಕಂತುಕಂತಾಗಿ. 1975ರಲ್ಲಿ ಕೆಲವು ಬಾವಿಗಳ ನೀರು ಕುಡಿಯಲು ಯೋಗ್ಯವಲ್ಲ, ದಿವಿಹಲಸು, ಪಂಡಾನಸ್, ತೆಂಗಿನೇಡಿ ಬೇಡ ಎಂದರು. 1977ರಲ್ಲಿ ಬಾವಿನೀರಿನ ಸ್ಟ್ರಾನ್ಷಿಯಂ ಅಮೆರಿಕದ ಮಿತಿಯನ್ನು ದಾಟಿದ್ದು ಕಂಡಿತು. ದಿನಕ್ಕೊಂದು ಕಾಯಿಯ ಸೂಚನೆ ಆಗಿನದು. 1978ರ ಹೊತ್ತಿಗೆ ಜನರ ಮೈಯಲ್ಲಿನ ಸೀಸಿಯಂ ಒಂದೇ ವರ್ಷದಲ್ಲಿ ಶೇಕಡಾ 75ರಷ್ಟು ಏರಿತ್ತು. ಇದಕ್ಕೆ ಅಧಿಕಾರಿಗಳು ಬಹಿರಂಗವಾಗಿ ಅಚ್ಚರಿಪಟ್ಟರು. ನೆಟ್ಟ ಸಸಿಗಳು ಆಗಷ್ಟೇ ಫಲ ಕೊಡಲು ಶುರುಮಾಡಿದ್ದವು. ಸಸಿ ನೆಟ್ಟರೆ ಆರೇಳು ವರ್ಷಕ್ಕೆ ಕಾಯಿ ಎಂಬುದು ತೋಟವಿರುವ ಯಾರಿಗೂ ಗೊತ್ತು. ಅಚ್ಚರಿ ಯಾಕೆಂದು ನನಗಂತೂ ಅರ್ಥವಾಗಿಲ್ಲ. ಆ ವರ್ಷವೇ 139 ಜನರನ್ನು ಮತ್ತೆ ಹಡಗು ಹತ್ತಿಸಿದರು.

ಈಗ ಬಾವಿಗೆ ಬರೋಣ. ಹವಳದ ದ್ವೀಪದಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಮಳೆ ನೆಲದೊಳಗೆ ನೇರವಾಗಿ ಇಳಿದು, ಅಲ್ಲಿ ಮೊದಲೇ ತುಂಬಿರುವ ಸಮುದ್ರದ ನೀರಿನ ಮೇಲೆ ತೇಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮಧ್ಯದಲ್ಲಿ ದಪ್ಪ, ಅಂಚಿನಲ್ಲಿ ತೆಳು. ಆಕಾರ ಮಸೂರದಂತಿರುವುದರಿಂದ ಸಿಹಿನೀರಿನ ಮಸೂರ ಎಂದು ಕರೆಯುತ್ತಾರೆ. ಮಂಗಳೂರಿನಿಂದ ಸರಕಿನ ಹಡಗುಗಳು ಹೋಗುವ ನಮ್ಮ ಲಕ್ಷದ್ವೀಪದ ಬಾವಿಗಳೂ ಇದೇ ಬಗೆಯವು. ಪುಸ್ತಕದ ಲೆಕ್ಕದಲ್ಲಿ ಸಿಹಿನೀರು ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಕೆಳಗೆ 40 ಅಡಿ ಇರಬೇಕು. ಅಟಾಲ್‌ಗಳಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಕೆಳಗಿನ ಹಳೆಯ ಸುಣ್ಣಕಲ್ಲು ತೂತುತೂತು, ಉಬ್ಬರ ಇಳಿತ ದಿನಕ್ಕೆ ಎರಡು ಸಲ ಅದರ ಮೂಲಕ ನೀರನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತದೆ. ಸಿಹಿ ಮತ್ತು ಉಪ್ಪಿನ ನಡುವೆ ಗೆರೆಯಿಲ್ಲ, ಅರೆ ಉಪ್ಪು ನೀರಿನ ದಪ್ಪ ಪಟ್ಟಿಯಿದೆ.

ಸೀಸಿಯಂ-137ರ ಅರ್ಧಾಯು 30 ವರ್ಷ ಎಂದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಈ ದ್ವೀಪಗಳ ಗಿಡಗಳಲ್ಲಿ ವರ್ಷಾನುವರ್ಷ ಅಳೆದಾಗ, ಅಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಎಂಟೂವರೆ ವರ್ಷ ಸಾಕಾಗುತ್ತಿದೆ ಎಂದು ಕಂಡರು. ಇಷ್ಟು ಬೇಗ ಹೇಗೆ? ಪರಮಾಣು ತನ್ನ ವೇಗದಲ್ಲೇ ಕ್ಷಯಿಸುತ್ತದೆ, ಅದಕ್ಕೆ ಅವಸರವಿಲ್ಲ. ಮಳೆ ಬೇರಿನ ಪದರದಿಂದ ಸೀಸಿಯಂ ಅನ್ನು ತೊಳೆದು ಕೆಳಕ್ಕೆ ಒಯ್ಯುತ್ತಿದೆ. ಕೆಳಕ್ಕೆ ಅಂದರೆ ಬಾವಿಗೆ ನೀರು ಕೊಡುವ ಅದೇ ಮಸೂರಕ್ಕೆ, ಅಲ್ಲಿಂದ ನಿಧಾನವಾಗಿ ಕಡಲಿಗೆ. ಜೇಡಿ ಇಲ್ಲದ್ದರಿಂದ ಗಿಡಕ್ಕೆ ಸುಲಭವಾಗಿ ಸಿಕ್ಕಿದ ಧಾತು, ಅದೇ ಕಾರಣಕ್ಕೆ ಬೇಗ ತೊಳೆದೂ ಹೋಗುತ್ತದೆ. ಒಳ್ಳೆಯ ಸುದ್ದಿಯೇ. ಆದರೆ ಮಣ್ಣು ಶುದ್ಧವಾಯಿತು ಎಂದು ಯಾರಾದರೂ ಹೇಳಿದರೆ, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು.

ಇಲ್ಲಿ ಒಬ್ಬರು ಎದ್ದು, “ಮೇಲ್ಮಣ್ಣನ್ನೇ ಕೆರೆದು ತೆಗೆದುಬಿಟ್ಟರೆ ಮುಗಿಯಿತಲ್ಲ ಸಾರ್?” ಎಂದು ಕೇಳಿದರು. ಬಿಕಿನಿಯವರೂ ಒಂದು ಕಾಲದಲ್ಲಿ ಅದನ್ನೇ ಕೇಳಿದ್ದರು. ತೆಗೆಯಬಹುದು. ಆದರೆ ಸುಮಾರು 40 ಸೆಂಟಿಮೀಟರ್ ತೆಗೆದರೆ ಆ ದ್ವೀಪದಲ್ಲಿ ಮಣ್ಣು ಎನ್ನುವಂಥದ್ದು ಎಷ್ಟಿದೆಯೋ ಅಷ್ಟೂ ಹೋಗುತ್ತದೆ, ಮರಗಳೂ ಹೋಗುತ್ತವೆ, ಉಳಿಯುವುದು ಬಿಳಿ ಹವಳದ ಚೂರು. ಅದರ ಮೇಲೆ ಮತ್ತೆ ಕಪ್ಪು ಮಣ್ಣು ಕೂಡಿಕೊಳ್ಳಲು ತಲೆಮಾರುಗಳು ಬೇಕು. ತೆಗೆದ ಮಣ್ಣನ್ನು ಎಲ್ಲಿ ಸುರಿಯುವುದು ಎಂಬುದು ಬೇರೆ ತಲೆನೋವು.

ಇನ್ನೊಂದು ದಾರಿ ನಮ್ಮ ಗೊಬ್ಬರದಂಗಡಿಯಲ್ಲೇ ಇದೆ. ಬೇರಿಗೆ ಬೇಕಾದದ್ದು ಪೊಟ್ಯಾಷಿಯಂ ತಾನೆ, ಅದನ್ನೇ ಕೊಟ್ಟರೆ? ಲಿವರ್‌ಮೋರ್ ಪ್ರಯೋಗಾಲಯದ ವಿಲಿಯಂ ರಾಬಿಸನ್ ಮತ್ತು ಸಂಗಡಿಗರು 1980ರ ದಶಕದಿಂದ ಬಿಕಿನಿಯ ತೋಟದಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಹಾಕಿ ನೋಡಿದರು. ನಮ್ಮ ರೈತರು ಪೊಟ್ಯಾಷ್ ಎಂದು ಚೀಲಗಟ್ಟಲೆ ತರುವ ಅದೇ ಗೊಬ್ಬರ. ಕಾಯಿಯಲ್ಲಿನ ಸೀಸಿಯಂ ಮೊದಲಿದ್ದುದರ ಶೇಕಡಾ ಹತ್ತರ ಆಸುಪಾಸಿಗೆ, ಕೆಲವೆಡೆ ಅದಕ್ಕೂ ಕೆಳಗೆ ಇಳಿಯಿತು. ಹಾಕುವುದನ್ನು ನಿಲ್ಲಿಸಿದ ಮೇಲೂ ಪರಿಣಾಮ ವರ್ಷಗಟ್ಟಲೆ ಉಳಿಯಿತು. ಈ ಪ್ರಯೋಗ ನನಗೆ ಬಹಳ ಇಷ್ಟ, ಯಾವ ದೊಡ್ಡ ಯಂತ್ರವೂ ಇಲ್ಲದೆ ಬೇರಿನ ಹಸಿವನ್ನು ಅರ್ಥಮಾಡಿಕೊಂಡು ಮಾಡಿದ ಕೆಲಸ ಅದು.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1990ರ ದಶಕದಲ್ಲಿ ಬಿಕಿನಿಯನ್ನು ಪರಿಶೀಲಿಸಿ ಕೊಟ್ಟ ಅಭಿಪ್ರಾಯವೂ ಇದೇ ದಾರಿಯದು. ಏನೂ ಮಾಡದೆ ಅಲ್ಲೇ ನೆಲೆಸಿ ಅಲ್ಲಿಯ ಬೆಳೆಯನ್ನೇ ತಿಂದರೆ ವರ್ಷಕ್ಕೆ ಸುಮಾರು 15 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಪ್ರಮಾಣ ಬರಬಹುದು ಎಂದು ಲೆಕ್ಕ ಹಾಕಿದರು. ಭೂಮಿಯ ಮೇಲೆ ನಮಗೆಲ್ಲ ಸಹಜವಾಗಿ ಬರುವ ಸರಾಸರಿ 2.4. ಆದ್ದರಿಂದ ಹಾಗೇ ವಾಪಸ್ ಹೋಗಬೇಡಿ. ತೋಟಕ್ಕೆ ಪೊಟ್ಯಾಷ್ ಹಾಕಿ, ಮನೆಗಳ ಸುತ್ತ ಮಾತ್ರ ಮೇಲ್ಮಣ್ಣು ತೆಗೆದು ಹವಳದ ಜಲ್ಲಿ ಹರಡಿ ಎಂಬುದು ಸಲಹೆ. ಬಿಕಿನಿಯಲ್ಲಿ ಅದು ಊರಿನ ಮಟ್ಟದಲ್ಲಿ ಜಾರಿಗೆ ಬರಲಿಲ್ಲ. ರೊಂಗೆಲಾಪ್‌ನಲ್ಲಿ ಊರಿನ ಜಾಗದಲ್ಲಿ ಮಾಡಿದರು. ರೊಂಗೆಲಾಪ್‌ನವರ ಕಥೆಯೂ ಇಂಥದ್ದೇ: 1957ರಲ್ಲಿ ಸುರಕ್ಷಿತ ಎಂದು ಕರೆತಂದರು. 1985ರಲ್ಲಿ ಅವರೇ ಬೇಡವೆಂದು, ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಹಡಗಿನಲ್ಲಿ ಮನೆಯ ಮರಮುಟ್ಟು ಸಮೇತ ಮೆಜಾಟೊ ದ್ವೀಪಕ್ಕೆ ಹೊರಟರು.

ಎನಿವೆಟಾಕ್‌ನ ರುನಿಟ್ ಗುಮ್ಮಟದ ಫೋಟೋವನ್ನು ನೀವು ನೋಡಿರುತ್ತೀರಿ. ನೀಲಿ ಸಮುದ್ರದ ಅಂಚಿನಲ್ಲಿ ಬೂದುಬಣ್ಣದ ಕಾಂಕ್ರೀಟ್ ತಟ್ಟೆ, ಅಡ್ಡಳತೆ ನೂರು ಮೀಟರಿಗೂ ಹೆಚ್ಚು. 1977ರಿಂದ 1980ರವರೆಗೆ ಸಾವಿರಾರು ಅಮೆರಿಕನ್ ಸೈನಿಕರು ಹಲವು ದ್ವೀಪಗಳ ಪ್ಲುಟೋನಿಯಂ ಮಣ್ಣನ್ನು ಕೆರೆದು ತಂದು, 1958ರ ಕ್ಯಾಕ್ಟಸ್ ಸ್ಫೋಟದ ಕುಳಿಗೆ ಸಿಮೆಂಟಿನ ಜೊತೆ ಕಲಸಿ ಸುರಿದು, ಮೇಲೆ ಸುಮಾರು 45 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹೊದಿಸಿದರು. ಕುಳಿಯ ತಳಕ್ಕೆ ಏನೂ ಹಾಸಲಿಲ್ಲ. ತಳವಿಲ್ಲದ ಕೊಡಕ್ಕೆ ಗಟ್ಟಿ ಮುಚ್ಚಳ ಇಟ್ಟ ಹಾಗೆ. ತೂತುತೂತಾದ ಹವಳದ ಮೂಲಕ ಉಬ್ಬರದ ನೀರು ಒಳಗೆ ಬರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ.

ಪತ್ರಿಕೆಗಳು ಗುಮ್ಮಟ ಬಿರುಕು ಬಿಟ್ಟಿದೆ, ಒಡೆದರೆ ಅನಾಹುತ ಎಂದು ಬರೆಯುತ್ತವೆ. ನನ್ನ ಆತಂಕ ಬೇರೆ. ಅಮೆರಿಕದ ಇಂಧನ ಇಲಾಖೆಯ ವಿಜ್ಞಾನಿಗಳ ಲೆಕ್ಕದಲ್ಲೇ, ಗುಮ್ಮಟದೊಳಗಿರುವ ಪ್ಲುಟೋನಿಯಂ ಮತ್ತು ಅದರ ಬಳಗ, ಪಕ್ಕದ ಲಗೂನಿನ ತಳದ ಕೆಸರಿನಲ್ಲಿ ಇರುವುದರ ಶೇಕಡಾ ಒಂದಕ್ಕಿಂತ ಕಡಿಮೆ. ಇಲಾಖೆ ಇದನ್ನು ಸಮಾಧಾನದ ಮಾತಾಗಿ ಹೇಳುತ್ತದೆ: ಗುಮ್ಮಟ ಸೋರಿದರೂ ದೊಡ್ಡ ವ್ಯತ್ಯಾಸವಾಗದು ಎಂದು. ಮುಚ್ಚಿಟ್ಟದ್ದು ಅಷ್ಟು ಕಡಿಮೆ, ಮುಚ್ಚದೆ ಬಿಟ್ಟದ್ದು ಅಷ್ಟು ಹೆಚ್ಚು ಎಂದು ನಾನು ಅದನ್ನು ಓದುತ್ತೇನೆ. ಇನ್ನೊಂದು ಸಂಗತಿ. ಆ ಶುಚಿಕಾರ್ಯದ ಗುರಿ ಪ್ಲುಟೋನಿಯಂ ಆಗಿತ್ತು, ಬೆಳೆಗೆ ಏರುವ ಸೀಸಿಯಂ ಮತ್ತು ಸ್ಟ್ರಾನ್ಷಿಯಂ ಉಳಿದವು. ಹೀಗಾಗಿ ಉತ್ತರದ ಎಂಜೆಬಿ ದ್ವೀಪದ ಮೂಲ ನಿವಾಸಿಗಳು ತಮ್ಮ ನೆಲಕ್ಕೆ ಹೋಗಲಾಗದೆ ದಕ್ಷಿಣದ ದ್ವೀಪಗಳಲ್ಲಿ ಉಳಿಯಬೇಕಾಯಿತು. ಮತ್ತೆ ಅದೇ ಕಥೆ, ಊಟದ ಲೆಕ್ಕ ಕೊನೆಯಲ್ಲಿ.

ಎಷ್ಟು ಶುದ್ಧವಾದರೆ ಸಾಕು? ಇದು ವಿಜ್ಞಾನದ ಪ್ರಶ್ನೆಯಂತೆ ಕೇಳಿಸುತ್ತದೆ, ಬಹುಪಾಲು ದುಡ್ಡಿನ ಪ್ರಶ್ನೆ. ಪರಿಹಾರ ನಿರ್ಧರಿಸಲು ರಚಿತವಾದ ಪರಮಾಣು ಪರಿಹಾರ ನ್ಯಾಯಮಂಡಳಿ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ನಾಗರಿಕರಿಗೆ ಬಳಸುತ್ತಿದ್ದ ವರ್ಷಕ್ಕೆ 0.15 ಮಿಲಿಸೀವರ್ಟ್ ಮಿತಿಯನ್ನೇ ಹಿಡಿಯಿತು. ಮಿತಿ 1 ಮಿಲಿಸೀವರ್ಟ್ ಎಂದರೆ ಖರ್ಚು ಎಷ್ಟೋ ಪಟ್ಟು ಇಳಿಯುತ್ತದೆ. ನ್ಯಾಯಮಂಡಳಿ 2001ರಲ್ಲಿ ಬಿಕಿನಿಗೆ 56 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಘೋಷಿಸಿತು. ಆದರೆ ಅದರ ಕೈಗೆ ಕೊಟ್ಟಿದ್ದ ನಿಧಿಯಲ್ಲಿ ಅಷ್ಟು ಹಣವೇ ಇರಲಿಲ್ಲ. ಬಿಕಿನಿಯವರು ಅಮೆರಿಕದ ನ್ಯಾಯಾಲಯಗಳಿಗೆ ಹೋದರು. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: “ಈ ವಿಷಯದಲ್ಲಿ ನಮ್ಮ ದೇಶ ಏನಾದರೂ ಮಾಡಿತ್ತೇ?” ಮಾಡಿತ್ತು. ಬ್ರಾವೋ ಸ್ಫೋಟವಾಗಿ ತಿಂಗಳು ಕಳೆಯುತ್ತಲೇ, 1954ರ ಏಪ್ರಿಲ್ 2ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ, ಪೂರ್ಣ ನಿಷೇಧ ಸಾಧ್ಯವಾಗುವವರೆಗೆ ಕನಿಷ್ಠ ಪರೀಕ್ಷೆಗಳನ್ನಾದರೂ ನಿಲ್ಲಿಸುವ ಒಪ್ಪಂದವಾಗಲಿ ಎಂದು ಕೇಳಿದರು. ಮಾರ್ಷಲ್ ದ್ವೀಪದವರು ಅದೇ ತಿಂಗಳು ವಿಶ್ವಸಂಸ್ಥೆಗೆ ಮನವಿ ಬರೆದರು. ಇದು ಹೆಮ್ಮೆಯಿಂದ ಹೇಳುವ ಭಾಗ. ಅರವತ್ತು ವರ್ಷಗಳ ಬಳಿಕ ಪಾತ್ರಗಳು ಬದಲಾದವು. 2014ರಲ್ಲಿ ಮಾರ್ಷಲ್ ದ್ವೀಪಗಳು ನಿಶ್ಶಸ್ತ್ರೀಕರಣದ ಹೊಣೆ ಮರೆತಿದ್ದಾರೆಂದು ಒಂಬತ್ತು ಅಣ್ವಸ್ತ್ರ ದೇಶಗಳ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು, ಅವುಗಳಲ್ಲಿ ಭಾರತವೂ ಒಂದು. ದಾವೆಯ ಮುಂದಾಳು ಮಾರ್ಷಲ್ ದ್ವೀಪಗಳ ಆಗಿನ ವಿದೇಶಾಂಗ ಸಚಿವ ಟೋನಿ ಡಿಬ್ರಮ್. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಲಿಕಿಯೆಪ್ ದ್ವೀಪದಿಂದ ಬ್ರಾವೋದ ಬೆಳಕನ್ನು ಕಂಡಿದ್ದವರು. ವಿಚಾರಣೆಗೆ ಬಂದದ್ದು ಭಾರತ, ಪಾಕಿಸ್ತಾನ, ಬ್ರಿಟನ್ ವಿರುದ್ಧದ ಮೂರು ಪ್ರಕರಣ ಮಾತ್ರ. ಉಳಿದ ಆರು ದೇಶಗಳು ಆ ಹೊತ್ತಿಗೆ ಆ ನ್ಯಾಯಾಲಯದ ಕಡ್ಡಾಯ ಅಧಿಕಾರವನ್ನು ಒಪ್ಪುತ್ತಿರಲಿಲ್ಲ. 2016ರ ಅಕ್ಟೋಬರ್ 5ರಂದು ಭಾರತದ ಪ್ರಕರಣದಲ್ಲಿ 9 ನ್ಯಾಯಾಧೀಶರು ಒಂದು ಕಡೆ, 7 ಮಂದಿ ಇನ್ನೊಂದು ಕಡೆ ನಿಂತರು. ಆ ಜನ ಅನುಭವಿಸಿದ ನೋವಿನಿಂದಾಗಿ ಈ ವಿಷಯದಲ್ಲಿ ಅವರಿಗೆ ವಿಶೇಷ ಕಾಳಜಿ ಇರುವುದು ಸಹಜ ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಆದರೆ ದಾವೆ ಹೂಡುವ ಹೊತ್ತಿಗೆ ಎರಡೂ ದೇಶಗಳ ನಡುವೆ ಕಾನೂನಿನ ಅರ್ಥದ ವಿವಾದವೇ ಇರಲಿಲ್ಲ, ಹಾಗಾಗಿ ಕೇಳುವ ಅಧಿಕಾರ ತನಗಿಲ್ಲ ಎಂದು ಪ್ರಕರಣವನ್ನು ಮುಚ್ಚಿತು.